ನಾನು ಒಡೆದ ಹೆಂಚುಗಳು

ನಾನು ಹೆಂಚು ಒಡೆದು ಡಾಕ್ಟರ್ ಆದವನು. ಕೆಲವರು ಅಣುವನ್ನು ಒಡೆದು ಆಗುತ್ತಾರೆ. ನಾನು ಅಷ್ಟು ದೂರ ಹೋಗಲಿಲ್ಲ, ಖಾನಾಪುರದವರೆಗೆ ಹೋದೆ. ಮದುವೆ ಮನೆಯಲ್ಲಿ ಯಾರಾದರೂ "ನಿಮ್ಮ ಪಿಎಚ್.ಡಿ. ಯಾವುದರ ಮೇಲೆ?" ಎಂದು ಕೇಳಿದಾಗ ಇಂಗ್ಲಿಷಿನಲ್ಲಿ ಒಂದೂವರೆ ಸಾಲಿನ ಶೀರ್ಷಿಕೆಯನ್ನು ಹೇಳಿ ಪಾರಾಗುತ್ತೇನೆ. ಅದನ್ನು ಕನ್ನಡಕ್ಕೆ ತಂದರೆ ಮೂರೇ ಮಾತು: ಹೆಂಚು ಯಾಕೆ ಒಡೆಯುತ್ತದೆ?

ಎಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಲೆಕ್ಚರರ್ ಆಗಿದ್ದೆ. ಆ ಹುದ್ದೆಯ ಮೇಲಿನ ಮೆಟ್ಟಿಲು ರೀಡರ್. ಎರಡರ ನಡುವೆ ಇದ್ದದ್ದು ಡಾಕ್ಟರೇಟ್ ಎಂಬ ಬಾಗಿಲು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಬಾಗಿಲು ತಟ್ಟುತ್ತಲೇ ತಲೆ ನರೆತವರಿದ್ದರು. ಒಬ್ಬರು ಭೂಕಂಪದ ಮೇಲೆ ಸಂಶೋಧನೆ ಆರಂಭಿಸಿ, ಬೆಳಗಾವಿಯಲ್ಲಿ ಭೂಮಿ ಕಂಪಿಸಲೊಲ್ಲದೆಂದು ಕೈಬಿಟ್ಟರು. ಇನ್ನೊಬ್ಬರ ವಿಷಯಕ್ಕೆ ಬೇಕಾದ ಯಂತ್ರ ದೇಶದಲ್ಲೇ ಇರಲಿಲ್ಲ, ಅದೊಂದು ಸಮಾಧಾನವಾಗಿ ಅವರು ಸುಖವಾಗಿದ್ದರು. ಇವರನ್ನೆಲ್ಲ ನೋಡಿ ನಾನು, ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ದೂರದ ವಿಷಯವನ್ನೇ ಆರಿಸಿಕೊಂಡೆ. ಖಾನಾಪುರದಲ್ಲಿ ಕೆಂಪು ಮಣ್ಣಿತ್ತು, ಹೆಂಚು ಸುಡುವ ಭಟ್ಟಿಗಳಿದ್ದವು. ನಮ್ಮ ಪ್ರಯೋಗಶಾಲೆಯಲ್ಲಿ ಭಾರ ಹೇರಿ ಒಡೆಯುವ ಒಂದು ಹಳೆಯ ಯಂತ್ರವಿತ್ತು. ಎರಡಕ್ಕೂ ಗಂಟು ಹಾಕಿದೆ. ಮಣ್ಣಿನ ಮಿಶ್ರಣ ಬದಲಾದಂತೆ ಹೆಂಚಿನ ಬಲ ಹೇಗೆ ಬದಲಾಗುತ್ತದೆ ಎಂದು ತೋರಿಸುವುದು ನನ್ನ ಉದ್ದೇಶ.

ತಿಂಗಳ ಮೊದಲ ಶನಿವಾರ ಟಿಳಕವಾಡಿಯ ಮನೆಯಿಂದ ಸ್ಟೇಶನ್ನಿಗೆ ನಡೆದು, ಪ್ಯಾಸೆಂಜರ್ ಗಾಡಿ ಹಿಡಿದು ಹೋಗುತ್ತಿದ್ದೆ. ಭಟ್ಟಿಯ ಮುಖ್ಯಸ್ಥ ಪರಶುರಾಮ ಮಿಸ್ತ್ರಿ. ಐವತ್ತು ದಾಟಿದ, ಮಿತಮಾತಿನ ಮನುಷ್ಯ. ಹೆಂಡತಿಯೊಡನೆ ಮರಾಠಿ, ನನ್ನೊಡನೆ ಕನ್ನಡ, ಬೆಂಕಿಯೊಡನೆ ಎರಡೂ. ಮೊದಲ ದಿನವೇ, ಸಾಲಿಯ ಮಾಸ್ತರರಿಗೆ ಹೆಂಚು ಯಾಕೆ ಬೇಕು ಎಂದು ಕೇಳಿದ್ದ. ನಾನು ಸರಳವಾಗಿ ಹೇಳಲು ಹೋಗಿ, "ಇವು ಎಷ್ಟು ಭಾರಕ್ಕ ಒಡೀತಾವ ಅಂತ ಪರೀಕ್ಷಾ ಮಾಡೂದದ ಮಿಸ್ತ್ರಿ. ಅದರ ಮ್ಯಾಲೇ ನನ್ನ ಡಿಗ್ರಿ ನಿಂತದ" ಎಂದಿದ್ದೆ. ಅವನು ಗಂಭೀರವಾಗಿ ತಲೆಯಾಡಿಸಿದ. "ಕಾಳಜಿ ಮಾಡಬ್ಯಾಡ್ರಿ" ಎಂದ. ನಾನು ನಿಜಕ್ಕೂ ಕಾಳಜಿ ಬಿಟ್ಟೆ. ಪ್ರತಿ ಸಲವೂ ನಾನು ಹೋಗುವ ಹೊತ್ತಿಗೆ ಆ ತಿಂಗಳ ಮಿಶ್ರಣದ ಹನ್ನೆರಡು ಹೆಂಚು ಹುಲ್ಲಿನಲ್ಲಿ ಸುತ್ತಿ ತಯಾರಾಗಿರುತ್ತಿದ್ದವು. ಚಹಾ ಕುಡಿದು, ಚೀಲದಲ್ಲಿ ಹೊತ್ತುಕೊಂಡು ಬರುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಫಲಿತಾಂಶ ಅದ್ಭುತವಾಗಿತ್ತು. ಸಂಶೋಧನೆ ಮಾಡಿದವರಿಗೆ ಗೊತ್ತು, ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳು ಸಾಮಾನ್ಯವಾಗಿ ಸಂತೆಯಲ್ಲಿ ಚದುರಿದ ಜನರಂತಿರುತ್ತವೆ. ನನ್ನ ಚುಕ್ಕೆಗಳೋ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಗೆರೆ ಹಿಡಿದು ನಿಂತಿದ್ದವು. ಬಸ್ಸಿನಲ್ಲಿ ಎರಡು ತಾಸು ದೂರದ ಊರಿನಲ್ಲಿದ್ದ ನನ್ನ ಗೈಡ್, ಯಾರನ್ನೂ ಹೊಗಳದ ಹಿರಿಯರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಇನ್ನು ಬರೆಯಲು ಕೂತುಕೊಳ್ಳಿ" ಎಂದರು. ಅದೇ ಹೊತ್ತಿಗೆ ನಮ್ಮ ವಿಭಾಗದಲ್ಲಿ ರೀಡರ್ ಹುದ್ದೆಯೊಂದು ಖಾಲಿಯಾಯಿತು. ಸಂದರ್ಶನಕ್ಕೆ ಮೂರು ತಿಂಗಳಿತ್ತು. ಅಷ್ಟರೊಳಗೆ ಥೀಸಿಸ್ ಸಲ್ಲಿಸಿದರೆ ಹುದ್ದೆ ನನ್ನದೇ ಎಂದು ಸ್ಟಾಫ್ ರೂಮು ತೀರ್ಪು ಕೊಟ್ಟಿತ್ತು.

ಸಂಶಯಪಟ್ಟವಳು ಒಬ್ಬಳೇ, ನನ್ನ ಹೆಂಡತಿ ಶಾರದಾ. ಅವಳ ಕಾರಣ ವೈಜ್ಞಾನಿಕವಾಗಿರಲಿಲ್ಲ, ಒದ್ದೆಯಾಗಿತ್ತು. ನಮ್ಮ ಬಾಡಿಗೆ ಮನೆಯ ಮೇಲೆ ಅದೇ ಖಾನಾಪುರದ ಹೆಂಚಿತ್ತು. ಜೂನ್ ತಿಂಗಳಲ್ಲಿ ನಾನು ಗ್ರಾಫ್ ಬಿಡಿಸುತ್ತ ಕೂತರೆ ಅವಳು ಪಕ್ಕದಲ್ಲಿ ಪಾತ್ರೆ ಇಡುತ್ತಿದ್ದಳು. "ನಿಮ್ಮ ಹಾಳಿ ಒಳಗ ಹೆಂಚು ಅಷ್ಟು ಗಟ್ಟಿ ಅವ. ನಮ್ಮ ಮ್ಯಾಲಿನವು ಯಾಕ ವರ್ಷಾ ವರ್ಷಾ ಬಿರಿತಾವ?" ಎಂದು ಕೇಳಿದಳು. ತೊಲೆ ಜಂತೆಗಳ ದೋಷ, ಬಡಗಿಯ ದೋಷ, ಮಂಗಗಳ ದೋಷ ಎಂದೆಲ್ಲ ನಾನು ವಿವರಿಸಿದೆ. ಅವಳು ಪಾತ್ರೆಯನ್ನು ಇನ್ನಷ್ಟು ನನ್ನ ಹತ್ತಿರಕ್ಕೆ ಸರಿಸಿದಳು.

ಒಂದು ಬುಧವಾರ ವಿದ್ಯಾರ್ಥಿಗಳ ಮುಷ್ಕರದಿಂದ ಕಾಲೇಜಿಗೆ ರಜೆ ಬಂತು. ಕೊನೆಯ ಅಧ್ಯಾಯಕ್ಕೆ ಭಟ್ಟಿಯ ಅಳತೆಗಳು ಬೇಕಿದ್ದವು, ಹೇಳದೆ ಕೇಳದೆ ಖಾನಾಪುರಕ್ಕೆ ಹೋದೆ. ಭಟ್ಟಿ ತೆರೆದಿತ್ತು. ಪರಶುರಾಮ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದೇ ಹೆಂಚನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ತಟ್ಟಿ, ಕೇಳಿ, ಎಡಕ್ಕೆ ಇಡುವನು. ಇನ್ನೊಂದು ತಟ್ಟಿ, ಕೇಳಿ, ಎಡಕ್ಕೆ. ಎಷ್ಟೋ ಹೊತ್ತಿಗೆ ಒಂದನ್ನು ಮಾತ್ರ ಬಲಕ್ಕೆ, ಹುಲ್ಲಿನ ಮೇಲೆ. ಅವನ ಹೆಂಡತಿ ಅದನ್ನು ಸೆರಗಿನಿಂದ ಒರೆಸಿಡುತ್ತಿದ್ದಳು.

"ಅವು ಯಾರಿಗಿ ಮಿಸ್ತ್ರಿ?" ಎಂದೆ.

"ಯಾರಿಗಂದ್ರ? ನಿಮಗರೀ" ಎಂದ, ನಾನು ಅನಿರೀಕ್ಷಿತವಾಗಿ ಬಂದದ್ದಕ್ಕೆ ಸ್ವಲ್ಪ ನಾಚಿ. "ಖಣಖಣ ಅಂದದ್ದು ಅಷ್ಟ ತಗೀತೀನಿ. ಸಾವಿರದಾಗ ಹನ್ನೆರಡು. ಮೂರು ದಿನಾ ಹಿಡೀತೈತ್ರಿ."

ನಾನೂ ಅವನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತೆ. "ಮೊದಲಿನಿಂದಲೂ ಹಿಂಗ ಆರಿಸಿ ಕೊಟ್ಟೀರೇನು?"

"ಮತ್ತ? ಹೆಂಚು ಒಡದ್ರ ನಿಮ್ಮ ಡಿಗ್ರಿ ಹೊಕ್ಕೈತಿ ಅಂತ ನೀವ ಹೇಳಿದ್ರೆಲ್ಲರೀ. ನಮ್ಮ ಬಾಜೂದಿಂದ ನೀವು ನಾಪಾಸ ಆಗಬಾರದು ನೋಡ್ರಿ."

ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ನನಗಾಗಿ ಇಪ್ಪತ್ನಾಲ್ಕು ತಿಂಗಳು, ಪ್ರತಿ ತಿಂಗಳೂ ಮೂರು ದಿನ, ಒಬ್ಬ ಮನುಷ್ಯ ಹೆಂಚಿಗೆ ಕಿವಿಗೊಟ್ಟು ಕೂತಿದ್ದ. ನನ್ನ ತಾಯಿಯ ನಂತರ ನನ್ನ ಪರೀಕ್ಷೆಗಾಗಿ ಅಷ್ಟು ಕಷ್ಟಪಟ್ಟವರು ಇನ್ನಾರೂ ಇರಲಿಲ್ಲ. ಆ ಪ್ರೀತಿಯಿಂದಲೇ ನನ್ನ ಎರಡು ವರ್ಷದ ಕೆಲಸ ಪೂರ್ತಿ ಕೆಟ್ಟಿತ್ತು.

ಆರಿಸದೆ, ನೋಡದೆ, ಕೈಗೆ ಬಂದದ್ದನ್ನು ತೆಗೆಯಬೇಕು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ. ನಾನೇ ಅದನ್ನು ತರಗತಿಯಲ್ಲಿ ಪಾಠ ಮಾಡಿದ್ದೆ. ಆದರೆ ಆ ಪುಸ್ತಕ ಬರೆದವರು ನಮ್ಮ ಕಡೆ ಊಟಕ್ಕೆ ಬಂದವರಲ್ಲ. ಇಲ್ಲಿ ಅತಿಥಿಗೆ ಬುಟ್ಟಿಯಿಂದ ಕೈಗೆ ಸಿಕ್ಕ ರೊಟ್ಟಿ ಕೊಡುವ ಗೃಹಿಣಿ ಎಲ್ಲಿದ್ದಾಳೆ? ಉಬ್ಬಿದ್ದನ್ನು ಹುಡುಕಿ ಬಡಿಸುತ್ತಾಳೆ, ಸುಟ್ಟದ್ದು ಅವಳಿಗೆ. ಯಾವ ಕಾಲೇಜಿಗೆ ತಪಾಸಣಾ ಸಮಿತಿ ಬಂದರೂ ಕಾಲು ಮುರಿದ ಸ್ಟೂಲುಗಳು ಮೆಟ್ಟಿಲ ಕೆಳಗೆ ಹೋಗುತ್ತವೆ, ಜಾಣ ಹುಡುಗರು ಮುಂದಿನ ಬೆಂಚಿಗೆ ಬರುತ್ತಾರೆ. ನನ್ನ ಬಯೋಡೇಟಾ ಮಾತ್ರ ಏನು? ಅದರಲ್ಲಿ ಕೆಟ್ಟ ಪ್ರಯೋಗಗಳಿಲ್ಲ, ತಿರಸ್ಕೃತ ಪ್ರಬಂಧಗಳಿಲ್ಲ. ನಾನೂ ತಟ್ಟಿ ನೋಡಿ ಖಣಖಣ ಎಂದದ್ದನ್ನಷ್ಟೇ ಬರೆದಿದ್ದೆ. ಇಷ್ಟೆಲ್ಲ ಮಾಡುವ ನಾನು ಪರಶುರಾಮನಿಗೆ ಶಾಸ್ತ್ರ ಹೇಳುವ ಹಾಗಿರಲಿಲ್ಲ.

ಒಂದು ವಾರ ಯಾರಿಗೂ ಹೇಳಲಿಲ್ಲ. ಅರ್ಧ ಥೀಸಿಸ್ ಟೈಪಾಗಿತ್ತು. ಸುಮ್ಮನಿದ್ದರೆ ಪ್ರಪಂಚದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬೆಳಗಾವಿ ಕೋಟೆಯ ಕಂದಕದ ಪಕ್ಕದ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಒಂದು ಯೋಚನೆ ಬಂದು ಕೂತಿತು. ನನ್ನ ಅಂಕಿಗಳನ್ನು ನಂಬಿ ಯಾರೋ ಇಂಜಿನಿಯರು ಒಂದು ಶಾಲೆಯ ಮಾಡಿಗೆ ಜಂತೆ ಕಡಿಮೆ ಮಾಡಿದರೆ? ಆ ಮಾಡಿನ ಕೆಳಗೆ ಕೂರುವ ಮಕ್ಕಳ ತಲೆಯ ಮೇಲೆ ಇರುವುದು ಆರಿಸಿದ ಹನ್ನೆರಡಲ್ಲ, ಉಳಿದ ಒಂಬೈನೂರ ಎಂಬತ್ತೆಂಟು.

ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಆಮೇಲೆ ಮೆಲ್ಲಗೆ, "ನೀವು ಇದನ್ನು ನನಗೆ ಹೇಳಲಿಲ್ಲ ಅಂತ ಇಟ್ಟುಕೊಳ್ಳಲೇ?" ಎಂದರು. ಅದರಲ್ಲಿ ಮೋಸವಿರಲಿಲ್ಲ, ಕರುಣೆಯಿತ್ತು. ರೀಡರ್ ಹುದ್ದೆಯ ವಿಷಯ ಅವರಿಗೂ ಗೊತ್ತಿತ್ತು. "ಹೇಳಿಬಿಟ್ಟೆ ಸರ್" ಎಂದೆ. ಇದನ್ನು ಧೈರ್ಯ ಎಂದು ಭಾವಿಸಬೇಡಿ. ಯೋಚಿಸಲು ಇನ್ನೆರಡು ನಿಮಿಷ ಸಿಕ್ಕಿದ್ದರೆ ನಾನು ಬಹುಶಃ ಒಪ್ಪುತ್ತಿದ್ದೆ.

ರೀಡರ್ ಹುದ್ದೆ ನನಗಿಂತ ಆರು ವರ್ಷ ಕಿರಿಯನಿಗೆ ಹೋಯಿತು. ನಾನೇ ಅವನಿಗೆ ಹಾರ ಹಾಕಿದೆ, ಮನೆಗೆ ಬಂದು ಊಟ ಮಾಡಲಿಲ್ಲ. ಶಾರದಾ ಮುಂದಿನ ಮೊದಲ ಶನಿವಾರ ಖಾಲಿ ಚೀಲವನ್ನು ಬಾಗಿಲ ಬಳಿ ಇಟ್ಟಿದ್ದಳು.

ಈಗ ಪರಶುರಾಮನಿಗೆ ಹೇಳಬೇಕಿತ್ತು. ನನಗೆ ಪ್ರತಿ ಎಂಬತ್ತನೆಯ ಹೆಂಚು ಬೇಕು, ಅದು ಹೇಗೇ ಇರಲಿ, ಎಂದೆ. "ಬಿರಕು ಬಿಟ್ಟಿದ್ರೂ?" "ಬಿಟ್ಟಿದ್ರೂ." ಅವನ ಮುಖ ಇಳಿಯಿತು. "ನನ್ನಿಂದ ನಿಮ್ಮ ಡಿಗ್ರಿ ಹೋತೇನ್ರಿ?" ಎಂದು ಕೇಳಿದ. ಇಲ್ಲ, ಸ್ವಲ್ಪ ಮುಂದೆ ಹೋಯಿತು ಎಂದೆ. ಅವನು ನಂಬಲಿಲ್ಲ. ಅಂದಿನಿಂದ ನಾನು ಎಣಿಸುತ್ತ ಹೋಗಿ ಕೆಟ್ಟ ಹೆಂಚೊಂದನ್ನು ಚೀಲಕ್ಕೆ ಹಾಕಿದಾಗಲೆಲ್ಲ ಅವನು ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ಮತ್ತೆ ಮೂರು ವರ್ಷ. ಈ ಸಲ ಹೆಂಚುಗಳು ಮನಸ್ಸಿಗೆ ಬಂದ ಭಾರಕ್ಕೆಲ್ಲ ಒಡೆದವು. ಗೆರೆ ಮಾಯವಾಯಿತು. ಮಿಶ್ರಣದ ಮೇಲಿನ ನನ್ನ ಸುಂದರ ಸಿದ್ಧಾಂತವೂ ಹೋಯಿತು. ಹೆಂಚು ಭಟ್ಟಿಯ ಯಾವ ಸಾಲಿನಲ್ಲಿ ಕೂತಿತ್ತು ಎಂಬುದೇ ಮುಖ್ಯ ಎಂದು ಗೊತ್ತಾಯಿತು. ಹಳೆಯ ಅಂಕಿಗಳನ್ನು ಎಸೆಯಲು ಮನಸ್ಸಾಗದೆ ಹೊಸವುಗಳ ಪಕ್ಕದಲ್ಲಿಟ್ಟು ನೋಡಿದಾಗ ಇನ್ನೊಂದು ಕಂಡಿತು. ಪರಶುರಾಮ ಆರಿಸಿಕೊಟ್ಟ ಅಷ್ಟೂ ಹೆಂಚುಗಳಲ್ಲಿ ಒಂದೇ ಒಂದು ದುರ್ಬಲ ಹೆಂಚಿರಲಿಲ್ಲ. ಎರಡು ವರ್ಷ ನಾನು ಅಳೆದದ್ದು ಹೆಂಚನ್ನಲ್ಲ, ಅವನ ಕಿವಿಯನ್ನು. ಅದನ್ನೇ ಒಂದು ಅಧ್ಯಾಯ ಮಾಡಿದೆ. ಆರಿಸಿದ್ದು ಯಾರು, ಯಾಕೆ, ಎಲ್ಲ ಬರೆದೆ. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೇಳಿದ್ದು ಆ ಅಧ್ಯಾಯದ ಬಗ್ಗೆಯೇ.

ಎಂಬತ್ತರ ದಶಕದ ಆರಂಭದಲ್ಲಿ ಡಿಗ್ರಿ ಬಂತು. ಥೀಸಿಸ್ಸಿನ ಕಟ್ಟಿಸಿದ ಪ್ರತಿಯನ್ನೂ ಒಂದು ಪೊಟ್ಟಣ ಬೆಳಗಾವಿಯ ಸಿಹಿ ಕುಂದಾವನ್ನೂ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಪರಶುರಾಮ ಕೈ ತೊಳೆದು ಒರೆಸಿಕೊಂಡು ಪುಸ್ತಕ ಹಿಡಿದ. ಕೃತಜ್ಞತೆಯ ಪುಟದಲ್ಲಿದ್ದ ಅವನ ಹೆಸರನ್ನು ತೋರಿಸಿದೆ. ಅದರ ಮೇಲೆ ಅವನಿಗೆ ಆಸಕ್ತಿ ಇರಲಿಲ್ಲ.

"ಒಡದೂವು ಎಲ್ಲಿ ಅದಾವ್ರಿ?" ಎಂದ.

ಕೋಷ್ಟಕಗಳ ಪುಟ ತೆಗೆದೆ. ಅಂಕಿ ಅವನಿಗೆ ಓದಲು ಬರುತ್ತಿತ್ತು. ಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿದ, ಪುಟ ಮಗುಚಿದ, ಮತ್ತೆ ಇಳಿದ. ತನ್ನ ಭಟ್ಟಿಯ ಅಷ್ಟೂ ಕೆಟ್ಟ ಹೆಂಚುಗಳು ಅಲ್ಲಿ ಅಚ್ಚುಕಟ್ಟಾಗಿ ನಮೂದಾಗಿದ್ದವು. ಕೊನೆಗೆ ತಲೆಯೆತ್ತಿದ.

"ಇಷ್ಟೆಲ್ಲಾ ಒಡದಿದ್ದು ಬರದ ಕೊಟ್ರೂ ನಿಮಗ ಪಾಸ ಮಾಡ್ಯಾರ?"

"ಮಾಡ್ಯಾರ."

ಅವನು ನಂಬಲಾರದೆ ಮತ್ತೊಮ್ಮೆ ಪುಟ ನೋಡಿದ. ಆಮೇಲೆ ಐದು ವರ್ಷದ ಭಾರ ಇಳಿಸಿದವನಂತೆ ದೊಡ್ಡ ಉಸಿರು ಬಿಟ್ಟು, "ಹಂಗಾರ ಛಲೋ ಮಂದಿ ಅದಾರ ಬಿಡ್ರಿ" ಎಂದ.

ವಿಶ್ವವಿದ್ಯಾಲಯಗಳ ಬಗ್ಗೆ ಅಂಥ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ತಿದ್ದಲು ಹೋಗಲಿಲ್ಲ. ಇಬ್ಬರೂ ಕೂತು ಕುಂದಾ ತಿಂದೆವು.