ಗಾಳಿಯಲ್ಲಿ ಹೂಂಗುಟ್ಟಿದ ಅಳಿಯ

ಊರಿನವರೆಲ್ಲ ಅವನನ್ನು ಕರೆಯುತ್ತಿದ್ದುದು ಕೋಟು ಅಂತಲೇ. ಕೋಟು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಅವನ ಟೈಲರ್ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಅವನ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಗಿರಾಕಿ "ತೋಳು ಉದ್ದ ಆಯ್ತಾ?" ಎಂದರೆ "ಹೂಂ." "ಮದುವೆಗೆ ಮುಂಚೆ ಕೈಗೆ ಸಿಗುತ್ತಾ?" ಎಂದರೆ "ಹೂಂ." ಬಾಯಿ ತೆರೆದರೆ ಸೂಜಿ ಗಂಟಲಿಗಿಳಿಯುವ ಭಯ. ವರ್ಷಗಟ್ಟಲೆ ಇದೇ ಅಭ್ಯಾಸವಾಗಿ, ಸೂಜಿ ಇಲ್ಲದಾಗಲೂ ಅವನ ಬಾಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ಹೂಂಗುಟ್ಟಿದ್ದು ಬಿಟ್ಟರೆ ತುಟಿ ಎರಡು ಮಾಡಿರಲಿಲ್ಲ. ಆ ದಿನ ಅತ್ತೆ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಹುಡುಗ ನೋಡೋಕೆ ಚೆನ್ನಾಗಿದಾನೆ ಕಣೇ. ಮೂಗನೋ ಏನೋ, ಒಂದ್ಸಲ ಚಿವುಟಿ ನೋಡು" ಎಂದಿದ್ದರು.

ಅತ್ತೆಯದು ಇದಕ್ಕೆ ತದ್ವಿರುದ್ಧ. ಊರಿನ ಈಜುಕೊಳದಲ್ಲಿ ಈಜು ಕಲಿಸಲೆಂದು ಮೂರು ತಲೆಮಾರಿನ ಮಕ್ಕಳನ್ನು ನೀರಿಗೆ ತಳ್ಳಿ ಮೇಲೆತ್ತಿದವರು. ನೀರೊಳಗೆ ಮುಳುಗಿದವನಿಗೂ ಕೇಳಿಸುವಂಥ ಗಂಟಲು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯ ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದರು. ದಿನಕ್ಕೊಮ್ಮೆ ಬಂದು, ಅಳಿಯನ ಮುಂದೆ ಕೂತು ಮಾತಾಡಿ, ಗೋಡೆಗೆ ಮಾತಾಡಿದಂತಾಯಿತು ಎಂದುಕೊಂಡು ಎದ್ದು ಹೋಗುತ್ತಿದ್ದರು.

ಇಂಥ ಕೋಟು ಒಂದು ದಿನ ಹೇಳದೆ ಕೇಳದೆ ಒಂದು ಹಳೆಯ ಟೂರಿಂಗ್ ಬೈಕು ತಂದು ಮನೆ ಮುಂದೆ ನಿಲ್ಲಿಸಿದ. ಎಮ್ಮೆಯಷ್ಟು ದೊಡ್ಡದು, ಎರಡೂ ಕಡೆ ಪೆಟ್ಟಿಗೆ, ಮುಂದೆ ಗಾಳಿ ತಡೆಯಲು ಒಂದು ಪಾರದರ್ಶಕ ವಿಂಡ್‌ಶೀಲ್ಡ್. ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನ ಕೆಲಸದಿಂದ ಬಂದವಳು ಬೈಕನ್ನೂ ಗಂಡನನ್ನೂ ಒಂದು ಸುತ್ತು ಹಾಕಿ ನೋಡಿದಳು.

"ರೀ, ಇದು ನಮ್ದಾ?"

"ಹೂಂ."

"ನನಗೆ ಎರಡು ಚಕ್ರದ ಮೇಲೆ ಕೂತ್ರೆ ತಲೆ ತಿರುಗುತ್ತೆ ಅಂತ ಗೊತ್ತು ತಾನೇ?"

"ಹೂಂ."

ಅಷ್ಟರಲ್ಲಿ ಅತ್ತೆ ಬಂದರು. ಸೀಟನ್ನು ತಟ್ಟಿ ನೋಡಿದರು. ಪಕ್ಕದೂರಿನಲ್ಲಿದ್ದ ತಂಗಿಯ ಮನೆಗೆ ಭಾನುವಾರದ ಬಸ್ಸು ನಿಂತುಹೋಗಿ ಅವರಿಗೆ ಕೈಕಾಲು ಕಟ್ಟಿಹಾಕಿದಂತಾಗಿತ್ತು. "ಅಳಿಯಂದ್ರೇ, ಭಾನುವಾರ ಬೆಳಿಗ್ಗೆ ರೆಡಿಯಾಗಿರಿ" ಎಂದರು. ಕೋಟು ಏನೆಂದ ಎಂದು ಬೇರೆ ಹೇಳಬೇಕಾಗಿಲ್ಲ.

ಹೆದ್ದಾರಿಗೆ ಬರುವವರೆಗೆ ಎಲ್ಲ ಚೆನ್ನಾಗಿತ್ತು. ವೇಗ ಏರಿದ್ದೇ ತಡ, ಗಾಳಿ ವಿಂಡ್‌ಶೀಲ್ಡಿನ ಮೇಲಂಚು ಹಾರಿ ಬಂದು ಸೀದಾ ಹೆಲ್ಮೆಟ್ಟಿಗೆ ಬಡಿಯತೊಡಗಿತು. ಡಬಡಬ, ಡಬಡಬ. ಯಾರೋ ತಲೆಯನ್ನು ತಮಟೆ ಮಾಡಿಕೊಂಡಂತೆ. ಹಿಂದಿನಿಂದ ಅತ್ತೆಯ ದನಿ ತುಂಡು ತುಂಡಾಗಿ ಬರುತ್ತಿತ್ತು: "...ನಿಮಗೆ ... ಅಲ್ವಾ?" ಕೋಟು ತನ್ನ ಗಂಟಲಿಗೆ ಗೊತ್ತಿದ್ದ ಉತ್ತರವನ್ನು ಕೂಗಿದ. "ಹೂಂ ಅತ್ತೆ!" ಮತ್ತೆ ತುಂಡು ಮಾತು, ಮತ್ತೆ "ಹೂಂ ಅತ್ತೆ!" ದಾರಿಯುದ್ದಕ್ಕೂ ಹೀಗೇ. ಚಿಕ್ಕತ್ತೆಯ ಮನೆ ಮುಂದೆ ಇಳಿದಾಗ ಅತ್ತೆಯ ಮುಖ ಬೆಳಗಿತ್ತು.

"ನೋಡೇ," ಎಂದರು ತಂಗಿಯ ಕೈ ಹಿಡಿದು, "ಅಳಿಯಂದ್ರು ಚಿನ್ನ ಕಣೇ. ಈ ಮನೆ ಕಿಟಕಿಗೆಲ್ಲ ಪರದೆ ಹೊಲಿದುಕೊಡ್ತಾರಂತೆ. ನಿನ್ನ ನಾಯಿಗೆ ಚಳಿಗಾಲಕ್ಕೆ ಒಂದು ಕೋಟು, ಅಸ್ತರು ಹಾಕಿ! ಆಮೇಲೆ ನನಗೆ ಬೈಕು ಓಡಿಸೋದು ಕಲಿಸ್ತಾರಂತೆ!"

ಕೋಟು ಕಣ್ಣು ಕಣ್ಣು ಬಿಟ್ಟ. ನಾಯಿ ಅವನ ಅಳತೆ ತೆಗೆಯುವಂತೆ ಮೂಸಿ ನೋಡಿತು. ಅತ್ತೆಯ ಸಂತೋಷ ನೋಡಿ, ಕೇಳಿಸಲಿಲ್ಲ ಎನ್ನಲು ಅವನಿಗೆ ನಾಲಿಗೆ ಬರಲಿಲ್ಲ. ಇನ್ನು ನಾಲ್ಕು ಭಾನುವಾರ ಹೀಗೇ ಹೂಂಗುಟ್ಟಿದರೆ ಅಂಗಡಿಯನ್ನೇ ಬರೆದುಕೊಟ್ಟಿರುತ್ತೇನೆ ಎಂದು ಹೆದರಿ, ಮರುದಿನ ಬೆಳಿಗ್ಗೆಯೇ ಗ್ಯಾರೇಜಿನ ಗೆಳೆಯನ ಬಳಿ ಓಡಿದ. ಅವನು ಬುಲೆಟಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಬಿಚ್ಚದ ಗಾಡಿಯಿರಲಿಲ್ಲ. ಸದಾ ನಗುವ ಮನುಷ್ಯ.

"ಬಹಳ ಸುಲಭ ಗುರೂ. ಗಾಜು ಗಿಡ್ಡ ಇದೆ. ಉದ್ದದ್ದು ಹಾಕಿದ್ರೆ ಗಾಳಿ ತಲೆ ಮೇಲಿಂದ ಹಾರಿಹೋಗುತ್ತೆ."

ಉದ್ದದ್ದು ಹಾಕಿದರು. ಎದೆಗೆ ಒಂದಿಷ್ಟೂ ಗಾಳಿ ತಾಗಲಿಲ್ಲ, ನಿಜ. ಆದರೆ ತಲೆಗೆ ಮೊದಲಿಗಿಂತ ಹೆಚ್ಚು ಬಡಿತ. ಹೆಲ್ಮೆಟ್ಟು ಡಬ್ಬಿಯಲ್ಲಿ ಹಾಕಿ ಕುಲುಕಿದ ಗೋಲಿಯಂತೆ ಆಡಿತು. ಒಂದು ರಸ್ತೆ ಎರಡಾಗಿ ಕಂಡಿತು. ಹಿಂದೆ ಕೂತ ಅತ್ತೆಯ ಕನ್ನಡಕ ಮೂಗಿನಿಂದ ಹಣೆಗೆ ಹತ್ತಿತು. ಗ್ಯಾರೇಜಿನ ಮುಂದೆ ಇಳಿದವರೇ ಅವರು ಏನೋ ಹೇಳಿದರು. ಈ ಸಲ ಕೋಟು ಹೂಂಗುಟ್ಟಲಿಲ್ಲ.

"ಅತ್ತೆ, ನೀವು ದಾರೀಲಿ ಹೇಳಿದ್ದು ಒಂದೂ ಕೇಳಿಸಿಲ್ಲ. ಮೊದಲ ದಿನವೂ ಕೇಳಿಸಿರಲಿಲ್ಲ."

ಅತ್ತೆ ಅವನನ್ನೇ ನೋಡಿದರು. ಆಮೇಲೆ ಸೊಂಟ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ನನ್ನಪ್ಪಾ! ಅಂದ್ರೆ ನಾಯಿ ಕೋಟು?"

"ಅದು ಹೊಲಿದಾಯ್ತು," ಎಂದ ಕೋಟು. "ಕಾಜ ಒಂದು ಬಾಕಿ ಇದೆ."

ಗ್ಯಾರೇಜಿನವನು ನೆಲಕ್ಕೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅಂದಿನಿಂದ ಆ ಬಡಿತ ನಿಲ್ಲಿಸುವುದೇ ಇಡೀ ಮನೆಯ ಹುಚ್ಚಾಯಿತು. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದನ್ನು ಹಿಡಿಯುವುದು ಹೇಗೆ? ಕೋಟುವಿಗೆ ಹೊಳೆದದ್ದು ದಾರ. ವಿಂಡ್‌ಶೀಲ್ಡಿನ ಹೊರಗೂ ಒಳಗೂ, ಅತ್ತೆಯ ಹೆಲ್ಮೆಟ್ಟಿನ ಸುತ್ತಲೂ ಬಣ್ಣಬಣ್ಣದ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿದ. ಬೈಕು ಮದುವಣಗಿತ್ತಿಯಂತಾಯಿತು. ಅತ್ತೆ ಕಾಡುಮನುಷ್ಯರ ರಾಣಿಯಂತಾದರು. ಊರಾಚೆಯ ಖಾಲಿ ರಸ್ತೆಯಲ್ಲಿ ಬೈಕು ಹೊರಟಿತು. ಪಕ್ಕದಲ್ಲಿ ಗ್ಯಾರೇಜಿನವನ ವ್ಯಾನು, ಅದರ ಕಿಟಕಿಯಲ್ಲಿ ಅರ್ಧ ಮೈ ಹೊರಗೆ ಹಾಕಿದ ಕೋಟುವಿನ ಹೆಂಡತಿ.

"ಹೊರಗಿನ ದಾರ ಎಲ್ಲ ಬಾಚಿದ ಕೂದಲಿನ ಹಾಗೆ ಮಲಗಿದೆ!" ಎಂದು ಅವಳು ಕೂಗಿದಳು. "ಒಳಗಿನವು ಕುಣೀತಾ ಇವೆ! ಕೆಳಗಿರೋ ಕೆಂಪು ದಾರ ನೋಡ್ರೀ, ಮುಂದಕ್ಕೆ ತಿರುಗಿದೆ! ಅಮ್ಮಾ, ನಿನ್ನ ತಲೆ ಮೇಲಿಂದು ನೋಡೋಕಾಗ್ತಿಲ್ಲ, ದೆವ್ವ ಹಿಡಿದ ಹಾಗಿದೆ!"

ಬೈಕು ನಿಂತ ಮೇಲೆ ಅತ್ತೆ ಆ ಕೆಂಪು ದಾರವನ್ನು ಬೆರಳಲ್ಲಿ ಹಿಡಿದು ಯೋಚಿಸಿದರು.

"ಮುಂದಕ್ಕೆ ತಿರುಗಿತ್ತಾ? ಹಾಗಾದ್ರೆ ಇದು ಸುಳಿ ಕಣ್ರೀ. ಹೊಳೇಲಿ ಬಂಡೆ ಹಿಂದೆ ನೀರು ಹೀಗೇ ವಾಪಸ್ ತಿರುಗುತ್ತೆ. ಬಂಡೆ ದೊಡ್ಡದಾದಷ್ಟೂ ಸುಳಿ ದೊಡ್ಡದು. ನಾವಿಬ್ಬರೂ ಸುಳಿ ಒಳಗೇ ಕೂತಿದೀವಿ."

"ಮತ್ತೇನ್ ಮಾಡೋದಮ್ಮ?" ಎಂದ ಗ್ಯಾರೇಜಿನವನು.

"ಬಂಡೆ ಕೆಳಗಿಂದ ಸ್ವಲ್ಪ ನೀರು ನುಗ್ಗೋಕೆ ದಾರಿ ಬಿಡ್ರೀ. ಖಾಲಿ ಜಾಗ ತುಂಬಿದ್ರೆ ಸುಳಿ ಯಾಕೆ ಏಳುತ್ತೆ?"

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ವಿಂಡ್‌ಶೀಲ್ಡಿಗೂ ಬೈಕಿಗೂ ನಡುವೆ ಕೆಳಗಡೆ ಸಂದು ಬಿಡಬೇಕು. ಸಂದಿಗೆ ಏನಿಡುವುದು? ಕೋಟು ಜೇಬಿನಿಂದ ಖಾಲಿಯಾದ ದಾರದ ರೀಲುಗಳನ್ನು ತೆಗೆದ. ಉದ್ದ ಬೋಲ್ಟನ್ನು ರೀಲಿನ ತೂತಿನಲ್ಲಿ ತೂರಿಸಿದರೆ ಹೇಳಿ ಮಾಡಿಸಿದಂತೆ ಕೂತಿತು. ಮೊದಲ ಸಲ ಸಂದು ಅತಿಯಾಯಿತು. ಗಾಳಿ ಕೆಳಗಿನಿಂದ ನುಗ್ಗಿ ಅಂಗಿಯೊಳಗೆ ಹೊಕ್ಕು, ಕೋಟುವಿಗೆ ತುಂಬು ಗರ್ಭಿಣಿಯ ಹೊಟ್ಟೆ ಬಂದಿತು. ಅವನ ಹೆಂಡತಿ ನಗುತ್ತ ನಗುತ್ತ ವ್ಯಾನಿನ ಸೀಟಿನಿಂದ ಕೆಳಗೆ ಜಾರಿದಳು. ರೀಲನ್ನು ಅರ್ಧಕ್ಕೆ ಕತ್ತರಿಸಿದರು. ಉದ್ದ ಗಾಜು ಕಣ್ಣಿಗೂ ಅಡ್ಡ ಬರುತ್ತಿತ್ತು. ಕೋಟು ಸೀಟಿನ ಮೇಲೆ ನೆಟ್ಟಗೆ ಕೂತು, ಗಿರಾಕಿಯ ಕಾಲರಿಗೆ ಗುರುತು ಹಾಕುವಂತೆ ತನ್ನ ಮೂಗಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗ್ಯಾರೇಜಿನವನು ಆ ಗೆರೆ ಹಿಡಿದು ಕತ್ತರಿಸಿ, ಅಂಚನ್ನು ನುಣ್ಣಗೆ ಉಜ್ಜಿ, ಗಾಜನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ ಬಿಗಿದ. ರೀಲುಗಳು ಎಷ್ಟು ದಿನ ಬಾಳಾವು ಎಂದು ಅವುಗಳ ಜಾಗದಲ್ಲಿ ಗಟ್ಟಿ ರಬ್ಬರಿನ ಬಿಲ್ಲೆಗಳನ್ನು ಕೂರಿಸಿದ.

ಭಾನುವಾರ ಬೆಳಿಗ್ಗೆ ಅಳಿಯ, ಅತ್ತೆ ಹೊರಟರು. ಹೆದ್ದಾರಿಗೆ ಬಂದರು. ವೇಗ ಏರಿತು. ಕೋಟು ಹಲ್ಲು ಕಚ್ಚಿ ಕಾದ. ಬಡಿತ ಬರಲಿಲ್ಲ! ಸುಯ್ಯೆಂಬ ಒಂದೇ ಸಣ್ಣ ಶಬ್ದ. ಬಟ್ಟೆಯ ಮೇಲೆ ಹದವಾಗಿ ಕಾದ ಇಸ್ತ್ರಿ ಪೆಟ್ಟಿಗೆ ಜಾರಿದಂತೆ ಬೈಕು ಜಾರುತ್ತಿತ್ತು. ಅವನಿಗೆ ಕುಣಿಯಬೇಕೆನಿಸಿತು. ಕುಣಿಯುವ ಹಾಗಿಲ್ಲದ್ದರಿಂದ ಸುಮ್ಮನೆ ಎರಡು ಸಲ ಹಾರ್ನ್ ಹೊಡೆದ. ದೂರದ ಹೊಲದಲ್ಲಿದ್ದವರೊಬ್ಬರು ಕೈ ಬೀಸಿದರು.

ಆದರೆ ಹಿಂದಿನಿಂದ ಸದ್ದೇ ಇಲ್ಲ.

"ಅತ್ತೆ, ಬಿದ್ದುಬಿಟ್ರಾ?"

"ಇದೀನಿ."

"ಮತ್ತೆ ಮಾತಾಡ್ತಿಲ್ಲ?"

"ಏನಂತ ಆಡ್ಲಿ? ಈಗ ನಿಮಗೆ ಎಲ್ಲ ಕೇಳಿಸುತ್ತಲ್ಲ!" ಅತ್ತೆಯ ದನಿ, ಆ ಈಜುಕೊಳದ ದನಿ, ನಾಚಿಕೊಂಡು ಸಣ್ಣಗಾಗಿತ್ತು. ಮುಂದಕ್ಕೆ ಬಾಗಿ, "ನಿಮ್ಮನ್ನ ಒಂದ್ಸಲ ಮೂಗ ಅಂದಿದ್ದೆ. ಗೊತ್ತಾ?" ಎಂದರು.

"ಗೊತ್ತು. ಮದುವೆಯಾದ ದಿನವೇ ಅವಳು ಹೇಳಿದ್ಲು. ಚಿವುಟಿಯೂ ನೋಡಿದ್ಲು."

ಅತ್ತೆ ಅವನ ಬೆನ್ನಿಗೆ ಹಣೆ ಒತ್ತಿ ನಕ್ಕರು. ಆ ನಗು ಬೆನ್ನಿನ ಮೂಲಕ ಹಾದು ಅವನ ಹೊಟ್ಟೆಗೂ ಇಳಿಯಿತು. ಅದೇನಾಯಿತೋ, ಕೋಟು ಮಾತಾಡತೊಡಗಿದ. ಚಿಕ್ಕವನಿದ್ದಾಗ ಹಳೆ ಬಟ್ಟೆಗಳಿಂದ ಪ್ಯಾರಾಚೂಟು ಹೊಲಿದು ಮನೆಯ ಮಾಡಿನಿಂದ ಹಾರಿದ್ದು, ಕಾಲು ಮುರಿದದ್ದು, ಮಂಚದಲ್ಲಿ ಮಲಗಿಯೇ ಮೊದಲ ಕೋಟು ಹೊಲಿದದ್ದು. ನಾಯಿಗೆ ಕೋಟು ಹೊಲಿಯುವಾಗ ಬಾಲವನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಇಡೀ ರಾತ್ರಿ ಒದ್ದಾಡಿದ್ದು. ಅತ್ತೆ "ಆಮೇಲೆ?" ಎನ್ನುವರು, ಅವನು ಹೇಳುವನು. ಅವರು ತಮ್ಮ ಗಂಡನ ಗೊರಕೆಯ ಕತೆ ಹೇಳುವರು, ಅವನು ಹ್ಯಾಂಡಲ್ ಬಿಡದಂತೆ ಕಷ್ಟಪಟ್ಟು ನಗುವನು. ಮೈಲಿಗಲ್ಲುಗಳು ಓಡುತ್ತಿದ್ದವು. ಯಾರೂ ಅವುಗಳನ್ನು ಓದಲಿಲ್ಲ.

ಎದುರಿಗೆ ದೊಡ್ಡದೊಂದು ಸೇತುವೆ, ಅದರ ಕೆಳಗೆ ಆಚೆ ದಡ ಕಾಣದಷ್ಟು ಅಗಲದ ನೀರು ಬಂದಾಗಲೇ ಕೋಟು ಬ್ರೇಕ್ ಹಾಕಿದ್ದು.

"ಅತ್ತೆ, ಚಿಕ್ಕತ್ತೆ ಊರಿಗೆ ಹೋಗೋ ದಾರೀಲಿ ನೀರಿತ್ತಾ?"

"ಹನಿ ನೀರೂ ಇಲ್ಲ. ತಿರುವು ಎಲ್ಲಿ ಹೋಯ್ತು?"

ತಿರುವು ಯಾವಾಗಲೋ ಹಿಂದೆ ಹೋಗಿತ್ತು. ಕೋಟು ಮನೆಗೆ ಫೋನು ಮಾಡಿದ. ಹೆಂಡತಿ "ಮುಟ್ಟಿದ್ರಾ?" ಎಂದು ಕೇಳಿದ್ದಷ್ಟೇ. ಅವನು ಸೇತುವೆ, ನೀರು, ದಾರಿಯುದ್ದದ ಕತೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದ.

"ರೀ," ಎಂದಳು ಹೆಂಡತಿ, "ಫೋನು ಅಮ್ಮನಿಗೆ ಕೊಡಿ. ಇದು ಯಾರು ಮಾತಾಡ್ತಿರೋದು ಅಂತ ಕೇಳ್ಬೇಕು."

ಅಮ್ಮನಿಗೆ ಕೊಡುವಂತಿರಲಿಲ್ಲ. ಅವರು ಆಗಲೇ ಚಪ್ಪಲಿ ಕಳಚಿಟ್ಟು, ಕನ್ನಡಕವನ್ನು ಅಳಿಯನ ಕೈಗೆ ತುರುಕಿ, ಸೀರೆ ಎತ್ತಿ ಕಟ್ಟಿಕೊಂಡು ಸೇತುವೆಯ ಪಕ್ಕದ ಮೆಟ್ಟಿಲಿಳಿಯುತ್ತಿದ್ದರು. ಮೊಣಕಾಲುದ್ದದ ನೀರಿನಲ್ಲಿ ನಿಂತು ತಿರುಗಿ, ಇಡೀ ಸೇತುವೆಗೆ ಕೇಳಿಸುವಂತೆ ಕೂಗಿದರು:

"ಬನ್ನಿ ಅಳಿಯಂದ್ರೇ! ಈಜು ಬರುತ್ತಾ ನಿಮಗೆ?"

"ಇಲ್ಲ ಅತ್ತೆ!" ಎಂದು ಕೋಟು ಗಂಟಲು ಹರಿಯುವಂತೆ ಕೂಗಿ, ಪ್ಯಾಂಟು ಮಡಚಿಕೊಂಡು ಓಡಿದ.