ಅಂವಗ ಹೇಳು

ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ಬೀದರ್ ಕಡೆಯ ಪ್ರಭುದಾಸನ ಜೊತೆ ವಾದಕ್ಕೆ ಕೂತು ಗೆದ್ದವರಿಲ್ಲ. ಯೇಸುವಿನ ಸಮಾಧಿ ಯಾಕೆ ಬರಿದಾಗಿತ್ತು, ಅವನು ಎದ್ದು ಬಂದದ್ದು ಸುಳ್ಳಾಗಿದ್ದರೆ ಶಿಷ್ಯರು ಅದಕ್ಕಾಗಿ ಯಾಕೆ ಪ್ರಾಣ ಕೊಡುತ್ತಿದ್ದರು ಎಂದು ಸೀರೆಯ ಮಡಿಕೆ ಬಿಚ್ಚಿದಂತೆ ಬಿಚ್ಚಿಡುತ್ತಿದ್ದ. ಹನ್ನೆರಡು ವರ್ಷ ಅವನೆದುರು ಸೋತವನು ಅದೇ ಅಂಗಡಿಯ ಗುರುಬಸವ, ದಿನಾ ವಿಭೂತಿ ಹಚ್ಚಿಕೊಂಡು ಬರುವವನು.

ಒಂದು ಮಧ್ಯಾಹ್ನ ಗುರುಬಸವನ ಮಗಳು ಪಿಂಕಿಯನ್ನು ಹೃದಯದ ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಅವನು ಪ್ರಭುದಾಸನ ಕೈ ಹಿಡಿದುಕೊಂಡ.

"ನಮ್ಮ ಬಸವಣ್ಣಗ ನಾ ಹೇಳೀನಿ. ನಿನ್ನ ದೇವರಿಗೆ ನೀ ಒಂದ್ ಮಾತ ಹೇಳೋ."

ಪ್ರಭುದಾಸ ಕಣ್ಣು ಮುಚ್ಚಿದ. ರೂಢಿಯ ಮಾತೇ ಬಾಯಿಗೆ ಬಂತು. "ದೇವರು ಅದಾನ. ಯಾಕಂದ್ರ..."

"ಅದನ್ನ ನನಗ್ಯಾಕ ಹೇಳ್ತಿ?" ಎಂದ ಗುರುಬಸವ ಮೆಲ್ಲಗೆ. "ಅಂವಗ ಹೇಳು."

ಪ್ರಭುದಾಸ ಕಣ್ಣು ತೆರೆದು ಆಪರೇಷನ್ ಕೋಣೆಯ ಬಾಗಿಲು ನೋಡಿದ. ಚರ್ಚಿನಲ್ಲಿ ಪುಸ್ತಕ ನೋಡಿ ಓದಿದ ಪ್ರಾರ್ಥನೆ ಬಿಟ್ಟರೆ, ದೇವರನ್ನು ಸಾವಿರ ಸಲ 'ಅಂವ' ಎಂದವನಿಗೆ ತಾನಾಗಿ ಒಮ್ಮೆಯೂ 'ನೀ' ಎಂದ ನೆನಪಿರಲಿಲ್ಲ.

"ಅಪ್ಪಾ," ಎಂದ ಕೊನೆಗೆ, "ನೀ ಇಲ್ಲೇ ಅದಿ. ಒಳಗ ಹೋಗಿ ಕೂಸಿನ ಸಂಗಡ ಇರು."

ಮುಂದೆ 'ಯಾಕಂದ್ರ' ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.