ಅರ್ಥವಾಯಿತು ಅಂದ ಟೀಚರಮ್ಮ

ಆ ಬೀದಿಯಲ್ಲಿ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಅದು ಮೊದಲು ಹೋಗುತ್ತಿದ್ದದ್ದು ಟೀಚರಮ್ಮನ ಮನೆಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೂ ಆಕೆಯ ಸೆರಗು ಕದಲಿರಲಿಲ್ಲ, ದನಿ ಇಳಿದಿರಲಿಲ್ಲ. ಸಂಜೆ ಹಜಾರದಲ್ಲಿ ಚಾಪೆ ಹಾಸಿ ಪಾಠ ಹೇಳುತ್ತಿದ್ದರು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ಹಿಂದಿನಿಂದ ಜನ ಅವರನ್ನು "ಡಿಕ್ಷನರಿ" ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ನಟಿಸಿ ಒಳಗೊಳಗೇ ಬೀಗುತ್ತಿದ್ದರು.

ಎದುರು ಮನೆಯ ಮುಂಗೋಣೆಯಲ್ಲಿ ಹೊಲಿಗೆಯಕ್ಕನ ಅಂಗಡಿ. ಗಂಡ ಸತ್ತ ಮೇಲೆ ಒಂದೇ ಮಿಷನ್ ಇಟ್ಟುಕೊಂಡು ಇಬ್ಬರು ಮಕ್ಕಳನ್ನು ಸಾಕಿದವಳು. ಮಗ ಚಿಕ್ಕವನಿದ್ದಾಗ ಟೀಚರಮ್ಮನ ಚಾಪೆಯ ಮೇಲೇ ಕೂತು ಇಂಗ್ಲಿಷ್ ಕಲಿತ. ಈಗ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. "ನಿಮ್ಮ ಪಾಠದ ಪುಣ್ಯ" ಅಂತ ಹೊಲಿಗೆಯಕ್ಕ ಟೀಚರಮ್ಮನ ರವಿಕೆಗೆ ಕೂಲಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಅವತ್ತು ಬೆಳಗ್ಗೆ ಟೀಚರಮ್ಮ ಸೊಪ್ಪು ಬಿಡಿಸುತ್ತಿದ್ದಾಗ ಹೊಲಿಗೆಯಕ್ಕನ ಮಗಳು ಏದುಸಿರು ಬಿಡುತ್ತ ಓಡಿಬಂದಳು. "ಟೀಚರ್, ಬೇಗ ಬನ್ನಿ. ಅಣ್ಣನ ಹಡಗಿನ ಕಂಪನಿಯಿಂದ ಫೋನು. ಫೈರ್ ಫೈರ್ ಅಂತಾರೆ. ಮಿಕ್ಕಿದ್ದು ನಂಗೆ ತಲೆಬುಡ ಗೊತ್ತಾಗ್ತಿಲ್ಲ."

ಟೀಚರಮ್ಮ ಕೈ ಒರೆಸಿಕೊಂಡು ಬೀದಿ ದಾಟಿದರು. ಅಂಗಡಿಯಲ್ಲಿ ಅಳತೆ ಕೊಡಲು ಬಂದಿದ್ದ ಹೆಂಗಸರು, ಪಕ್ಕದ ಇಸ್ತ್ರಿಯವನು, ಎಲ್ಲರೂ ದಾರಿ ಬಿಟ್ಟರು. ಹೊಲಿಗೆಯಕ್ಕ ಎರಡೂ ಕೈಯಲ್ಲಿ ಫೋನನ್ನು ಎತ್ತಿ ಕೊಟ್ಟಳು, ತುಂಬಿದ ಬಟ್ಟಲು ಕೊಡುವ ಹಾಗೆ.

ಆ ಕಡೆಯ ಗಂಡಸು ಯಾವುದೋ ದೂರದೇಶದವನು. ಮಾತು ವೇಗ, ಆದರೆ ಲೈನು ಗಾಜಿನಷ್ಟು ಸ್ವಚ್ಛ. ಎಂಜಿನ್ ಕೋಣೆಯಲ್ಲಿ ಬೆಂಕಿ ಬಿತ್ತು ಅಂದ. ಅದನ್ನು "ಪುಟ್ ಔಟ್" ಮಾಡಿದ್ದೇವೆ ಅಂದ. ಆರಿಸಿದರು, ಸರಿ. ಅಷ್ಟು ಟೀಚರಮ್ಮನಿಗೆ ಗೊತ್ತು. ಆಮೇಲೆ, ನಿಮ್ಮ ಹುಡುಗ ಹೊಗೆಯಲ್ಲಿ "ಪಾಸ್ಡ್ ಔಟ್" ಅಂದ.

ಪಾಸ್ ಔಟ್ ಅಂದರೆ ಅವರಿಗೆ ಗೊತ್ತಿದ್ದದ್ದು ಶಾಲೆ ಮುಗಿಸಿ ಹೊರಬೀಳುವುದು. ಹೊಗೆಯಲ್ಲಿ ಯಾವ ಪರೀಕ್ಷೆ? ಪಾಸ್ಡ್ ಅವೇ ಅಂದರೆ ತೀರಿಕೊಂಡ. ಔಟ್ ಅಂದರೂ ಅದೇ ಇರಬೇಕು. ಬೆಂಕಿ ಔಟ್, ದೀಪ ಔಟ್, ಹುಡುಗನೂ ಔಟ್.

"ಬಟ್ ದೇ ಬ್ರಾಟ್ ಹಿಮ್ ಟು" ಅಂದ ಆತ, ಅಲ್ಲಿಗೇ ನಿಲ್ಲಿಸಿದ.

ಎಲ್ಲಿಗೆ ತಂದರು? ಟೀಚರಮ್ಮ ಕಾದರು. ವಾಕ್ಯ ಹೀಗೆ ಬಾಲ ಕತ್ತರಿಸಿದ ಹಾಗೆ ಮುಗಿಯಕೂಡದು ಅಂತ ಅವರು ಎಷ್ಟು ತಲೆಮಾರಿನ ಮಕ್ಕಳಿಗೆ ಕಿವಿ ಹಿಂಡಿ ಹೇಳಿಲ್ಲ! ಪಾಪ, ಶವಾಗಾರ ಅನ್ನುವ ಮಾತು ಬಾಯಿಗೆ ಬರದೆ ನುಂಗಿಕೊಂಡ ಅಂತ ಅವರೇ ತಮ್ಮ ಮನಸ್ಸಿನಲ್ಲಿ ಆ ವಾಕ್ಯವನ್ನು ಪೂರ್ತಿ ಮಾಡಿದರು.

"ಆರ್ ಯು ವಿತ್ ಮಿ, ಮೇಡಮ್?"

ನಾನು ಇಲ್ಲಿ, ನೀನು ಅಲ್ಲಿ, ನಿನ್ನ ಜೊತೆ ಹೇಗಿರಲಿ? ಕೇಳಬೇಕಿತ್ತು. "ಸ್ವಾಮಿ, ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಬಿಡಿಸಿ ಹೇಳಿ" ಅನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ತಲೆಯೆತ್ತಿ ನೋಡಿದರೆ ಅಂಗಡಿ ತುಂಬ ಕಣ್ಣುಗಳು. ಇಸ್ತ್ರಿಯವನ ಬಾಯಿ ಅರ್ಧ ತೆರೆದಿತ್ತು. ಇವರೆಲ್ಲರೆದುರು ಡಿಕ್ಷನರಿಗೆ ಗೊತ್ತಿಲ್ಲ ಅನ್ನುವುದೇ?

"ಯೆಸ್, ಯೆಸ್. ಅಂಡರ್‌ಸ್ಟುಡ್" ಅಂದರು.

ಆತ ಮೊದಲಿನಿಂದ ಇನ್ನೊಮ್ಮೆ ಅದನ್ನೇ ಹೇಳಿದ. ಅವರು ಮತ್ತೆ "ಅಂಡರ್‌ಸ್ಟುಡ್" ಅಂದರು. ಸಂಜೆಯೊಳಗೆ "ವಿ ವಿಲ್ ಗೆಟ್ ಬ್ಯಾಕ್ ಟು ಯು" ಅಂತ ಹೇಳಿ ಆತ ಫೋನಿಟ್ಟ. ಬ್ಯಾಕ್ ಅಂದರೆ ವಾಪಸು. ದೇಹವನ್ನು ವಾಪಸು ಕಳಿಸುತ್ತಾರೆ. ಇದ್ದ ಒಂದು ಎಳೆ ಅನುಮಾನವೂ ಹರಿದುಹೋಯಿತು.

"ಏನಂತೆ ಟೀಚರ್?" ಹೊಲಿಗೆಯಕ್ಕ ಕೇಳಿದಳು.

"ಧೈರ್ಯ ತಂದ್ಕೋಬೇಕು ಕಣಮ್ಮ. ಹುಡುಗ ಹೋಗಿಬಿಟ್ಟ."

"ಎಲ್ಲಿಗೆ ಹೋದ?" ಅಂತ ಕೇಳಿದಳು ಮಗಳು. ಆ ಕ್ಷಣ ಅವಳಿಗೆ ಕನ್ನಡವೂ ತಿಳಿಯಲಿಲ್ಲ.

ಹೊಲಿಗೆಯಕ್ಕನಿಗೆ ತಿಳಿಯಿತು. ಮಿಷನ್ನಿನ ಮುಂದೆ ಕೂತು, ಸೂಜಿಯ ಕೆಳಗಿದ್ದ ತೋಳನ್ನು ಕೊನೆತನಕ ಹೊಲಿದು, ದಾರ ಕತ್ತರಿಸಿ, ಆಮೇಲೆ ಹಾಗೇ ಪಕ್ಕಕ್ಕೆ ಉರುಳಿದಳು. ಬೀಳುವಾಗ ಹುಬ್ಬು ಮಿಷನ್ನಿನ ಅಂಚಿಗೆ ಬಡಿದು ರಕ್ತ ಬಂತು.

ಮಗಳು ಅಮ್ಮನ ಹಣೆಗೆ ಬಟ್ಟೆ ಒತ್ತಿಕೊಂಡೇ ಅಂದಳು, "ಟೀಚರ್, ಆ ನಂಬರಿಗೆ ತಿರುಗಿ ಫೋನ್ ಮಾಡಿ. ಇನ್ನೊಂದ್ಸಲ ಕೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಸಾವಿನ ಸುದ್ದೀನ ಎರಡೆರಡು ಸಲ ಕೇಳ್ತಾರೇನೇ?" ಅಂದರು ಟೀಚರಮ್ಮ.

ಆ ದಿನ ಬೀದಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಹೊಲಿಗೆಯಕ್ಕನ ತಮ್ಮ ದೂರದ ಊರಿನಿಂದ ಬಸ್ಸು ಹತ್ತಿದ. ಎಚ್ಚರಗೊಂಡ ಹೊಲಿಗೆಯಕ್ಕ ಮಗನ ಹಳೆಯ ಅಂಗಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಗುಂಡಿಗಳನ್ನು ಹಾಕುತ್ತ, ಬಿಚ್ಚುತ್ತ ಕೂತಳು. ಟೀಚರಮ್ಮ ಪಕ್ಕದಲ್ಲೇ ಕೂತು ಬೆನ್ನು ಸವರುತ್ತಿದ್ದರು. ದೊಡ್ಡ ಜವಾಬ್ದಾರಿ ಹೊತ್ತೆ ಅನ್ನುವ ಸಣ್ಣ ಸಮಾಧಾನವೂ ಅವರ ಮನಸ್ಸಿನ ಮೂಲೆಯಲ್ಲಿತ್ತು. ಮುಂದೆ ಅವರನ್ನು ಹೆಚ್ಚು ಸುಟ್ಟದ್ದು ಅದೇ.

ಹೊತ್ತು ಇಳಿಯುವಾಗ ಫೋನು ಮತ್ತೆ ಬಡಿದುಕೊಂಡಿತು. ಮಗಳು ತೆಗೆದಳು. ಒಂದು ಗಳಿಗೆ ಸುಮ್ಮನೆ ಕೇಳಿ ಚೀರಿದಳು: "ಅಮ್ಮಾ! ಅಣ್ಣ! ಅಣ್ಣಾನೇ ಮಾತಾಡ್ತಿದಾನೆ!"

ಹುಡುಗನ ದನಿ ಹೊಗೆ ಕುಡಿದು ಗೊಗ್ಗರಾಗಿತ್ತು. ತಲೆ ಸುತ್ತಿ ಬಿದ್ದೆ, ಎತ್ತಿಕೊಂಡು ಹೊರಗೆ ತಂದು ಗಾಳಿ ಕೊಟ್ಟು ಎಚ್ಚರ ಮಾಡಿದರು, ಈಗ ಆರಾಮಾಗಿದೀನಿ ಅಂದ. "ಬೆಳಗ್ಗೆನೇ ಹೇಳಿದ್ರಲ್ಲಮ್ಮ, ಯಾಕೆ ಅಳ್ತೀಯ?" ಅಂತ ಅವನೇ ಕೇಳಿದ.

ಅಂಗಡಿಯಲ್ಲಿ ಜನ ಅಳುತ್ತ ನಗುತ್ತ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರ ಮುಖವೂ ಟೀಚರಮ್ಮನ ಕಡೆ ತಿರುಗಿತು.

"ಲೈನು ಸರಿ ಇರಲಿಲ್ಲ" ಅಂದರು ಟೀಚರಮ್ಮ. "ಬರೀ ಗೊರಗೊರ. ಅರ್ಧ ಮಾತು ಕೇಳಿಸಲೇ ಇಲ್ಲ."

"ಇರಲಿ ಬಿಡಿ ಟೀಚರ್. ಬದುಕಿದಾನಲ್ಲ" ಅಂದಳು ಹೊಲಿಗೆಯಕ್ಕ, ಹಣೆಯ ಪಟ್ಟಿ ಒತ್ತಿಹಿಡಿದು. ಎಲ್ಲರೂ ನಂಬಿದರು. ಫೋನಿಗೆ ಬೈದರು. ಆ ರಾತ್ರಿ ಟೀಚರಮ್ಮ ತಟ್ಟೆಗೆ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟರು.

ಸುಳ್ಳಿಗೆ ಆಯಸ್ಸು ಕಮ್ಮಿ. ವಾರ ಕಳೆಯುವಷ್ಟರಲ್ಲಿ ಹುಡುಗ ತಂಗಿಯ ಜೊತೆ ಮಾತಾಡುತ್ತ, "ಲೈನು ಚೆನ್ನಾಗೇ ಇತ್ತಂತೆ ಕಣೇ. ಆ ಸಾಹೇಬ್ರು ಎರಡು ಸಲ ಹೇಳಿ, ಗೊತ್ತಾಯ್ತಾ ಅಂತಾನೂ ಕೇಳಿದ್ರಂತೆ. ಆ ಲೇಡಿ ಅಂಡರ್‌ಸ್ಟುಡ್ ಅಂದ್ರು ಅಂತಾರೆ" ಅಂದ. ಮಗಳು ಅದನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದಳು. ಸಂಜೆಗೆ ಬೀದಿಗೆಲ್ಲ ಗೊತ್ತಾಯಿತು. ಯಾರೂ ಟೀಚರಮ್ಮನನ್ನು ಬಯ್ಯಲಿಲ್ಲ. ತರಕಾರಿಯವಳು ಮಾತ್ರ ಚಿಲ್ಲರೆ ಕೊಡುತ್ತ, "ಅಂಡರ್‌ಸ್ಟುಡ್ ಆಯ್ತಾ ಟೀಚರ್?" ಅಂದು ನಕ್ಕಳು. ಟೀಚರಮ್ಮ ನಾಲ್ಕು ಬೀದಿ ಸುತ್ತಿ ಮನೆ ಸೇರುವುದನ್ನು ಕಲಿತರು. ರವಿಕೆ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯಿತು.

ಹಗಲೆಲ್ಲ ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ಇಂಗ್ಲಿಷ್ ಮಾತುಕತೆ ಕೇಳುತ್ತ ಕೂತರು. ಇಷ್ಟು ವರ್ಷ ಕಸವೆಂದು ಗುಡಿಸಿಹಾಕಿದ್ದ ಅಪ್, ಔಟ್, ಆಫ್, ಟು ಎಂಬ ತುಣುಕುಗಳೇ ಅಲ್ಲಿ ಮಾತಿನ ಯಜಮಾನರಾಗಿದ್ದವು. ಗಿವ್ ಅಂದರೆ ಕೊಡು. ಗಿವ್ ಅಪ್ ಅಂದರೆ ಕೈಚೆಲ್ಲು. ಗಿವ್ ಇನ್ ಅಂದರೆ ಸೋಲೊಪ್ಪು. ಪಾಸ್ ಔಟ್ ಅಂದರೆ ಎಚ್ಚರ ತಪ್ಪು, ಬ್ರಿಂಗ್ ಟು ಅಂದರೆ ಎಚ್ಚರಕ್ಕೆ ತರು, ಗೆಟ್ ಬ್ಯಾಕ್ ಟು ಅಂದರೆ ಮತ್ತೆ ಫೋನ್ ಮಾಡು. ಬರವಣಿಗೆಯಲ್ಲಿ ಸೂಟು ತೊಟ್ಟು ಬರುವ ಭಾಷೆ ಮನೆಯಲ್ಲಿ ಈ ಚಡ್ಡಿ ಬನಿಯನ್ನಿನಲ್ಲೇ ಓಡಾಡುತ್ತಿತ್ತು. ಅವರು ಅದನ್ನು ಬೀದಿಯಲ್ಲಷ್ಟೇ ಭೇಟಿಯಾಗಿದ್ದರು, ಮನೆಯೊಳಗೆ ಕಾಲಿಟ್ಟಿರಲಿಲ್ಲ. ನಮ್ಮ ಕನ್ನಡದಲ್ಲೂ ಹಾಗೇ ಅಲ್ಲವೇ? ಕೈ ಹಿಡಿದ, ಕೈ ಕೊಟ್ಟ. ಕೈ ಒಂದೇ, ಒಬ್ಬಳ ಬಾಳು ಹಸನಾಯಿತು, ಇನ್ನೊಬ್ಬಳದು ಹಾಳಾಯಿತು. ಇಷ್ಟು ಗೊತ್ತಾಗಿದ್ದಕ್ಕೆ ಸಂತೋಷವಾಗಲಿಲ್ಲ. ಗೊತ್ತಿಲ್ಲದಿದ್ದದ್ದು ತಪ್ಪಲ್ಲ, ಗೊತ್ತಿಲ್ಲವೆಂದು ಗೊತ್ತಿದ್ದೂ ಆ ಅಂಗಡಿಯಲ್ಲಿ ಅಂಡರ್‌ಸ್ಟುಡ್ ಅಂದೆನಲ್ಲ, ಅದು ತಪ್ಪು ಅನ್ನಿಸಿ ಮುಖ ಬೆಂಕಿಯಾಗುತ್ತಿತ್ತು.

ಹುಡುಗ ರಜೆಗೆ ಬಂದ. ಮೊದಲ ದಿನವೇ ಟೀಚರಮ್ಮನ ಬಾಗಿಲು ತಟ್ಟಿದ. ಅವರು ಕಿಟಕಿಯ ಸಂದಿಯಿಂದ ನೋಡಿ, ಅಡುಗೆಮನೆಗೆ ಸರಿದು, ಡಬ್ಬಗಳ ನಡುವೆ ಉಸಿರು ಬಿಗಿಹಿಡಿದು ನಿಂತರು. "ಟೀಚರ್? ನಾನು" ಅಂದ ಹುಡುಗ. ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಸತ್ತನೆಂದು ತಾವೇ ಹೇಳಿದ ಮಗು ಬಾಗಿಲಲ್ಲಿ ನಿಂತು ಕರೆದರೂ ತೆರೆಯಲಾಗಲಿಲ್ಲ.

ಮಾರನೆಯ ದಿನ ಹೊಲಿಗೆಯಕ್ಕನೇ ಬಂದಳು. ಬಾಗಿಲು ಬಡಿದ ರೀತಿಯಲ್ಲೇ ಇವಳು ಹೋಗುವವಳಲ್ಲ ಎಂದು ತಿಳಿಯಿತು. ತೆರೆದಾಗ ಅವಳ ಹುಬ್ಬಿನ ಮೇಲಿನ ಬಿಳಿಯ ಗಾಯದ ಗುರುತು ಕಂಡು ಟೀಚರಮ್ಮ ನೆಲ ನೋಡಿದರು.

"ಒಳಗೆ ಕರೆಯಲ್ವಾ?" ಅಂದಳು ಹೊಲಿಗೆಯಕ್ಕ. ಕೂತ ಮೇಲೆ ಹೇಳಿದಳು, "ನನಗೆ ಕೋಪ ಇದೆ ಟೀಚರ್. ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಬಂದ ಮಗೂಗೆ ಬಾಗಿಲು ಹಾಕ್ತೀರಲ್ಲ, ಅವನೇನು ಮಾಡಿದ್ದ?"

ಟೀಚರಮ್ಮ ತಲೆ ಎತ್ತದೆ ಹೇಳಿದರು, "ಲೈನು ಚೆನ್ನಾಗಿತ್ತು ಕಣಮ್ಮ. ಒಂದೊಂದು ಮಾತೂ ಕೇಳಿಸ್ತು. ಅರ್ಥ ಆಗಲಿಲ್ಲ. ಅಷ್ಟು ಜನರ ಮುಂದೆ ಗೊತ್ತಾಗಲಿಲ್ಲ ಅನ್ನೋಕೆ ನಾಚಿಕೆಯಾಯ್ತು."

ಹೊಲಿಗೆಯಕ್ಕ ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. "ನನಗೂ ನಾಚಿಕೆಯಾಗ್ತಿತ್ತೇನೋ" ಅಂದಳು ಕೊನೆಗೆ. "ಆದರೆ ಅವನು ನನ್ನ ಮಗ ಟೀಚರ್."

ಹೊಲಿಗೆಯಕ್ಕ ಎದ್ದು, "ಅವನು ನಾಡಿದ್ದು ಹೊರಡ್ತಾನೆ. ಬಂದು ಮುಖ ತೋರಿಸಿ" ಅಂದಳು. ಟೀಚರಮ್ಮ ಹೋದರು. ಹುಡುಗ ಕಾಲು ಮುಟ್ಟಲು ಬಗ್ಗಿದಾಗ ಹಿಂದೆ ಸರಿದು, ಅವನ ಎರಡೂ ಭುಜ ಹಿಡಿದು ನಿಂತರು. ಮಗಳು ಅವರಿಗೆ ಕುರ್ಚಿ ತಂದಿಟ್ಟಳು, ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಇವತ್ತಿಗೂ ಅಷ್ಟಕ್ಕಷ್ಟೇ. ಹೊಲಿಗೆಯಕ್ಕ ರವಿಕೆ ಹೊಲಿಯುತ್ತಾಳೆ. ಈಗ ಕೂಲಿ ಕೇಳಿ ತೆಗೆದುಕೊಳ್ಳುತ್ತಾಳೆ, ಟೀಚರಮ್ಮನಿಗೂ ಹಾಗೆ ಕೊಡುವುದೇ ಹಗುರ.

ಸಂಜೆಯ ಪಾಠ ನಿಂತಿಲ್ಲ. ಮೊನ್ನೆ ಒಬ್ಬ ಹುಡುಗಿ ಕಥೆ ಓದುತ್ತ, "ಟೀಚರ್, ಮೇಕ್ ಔಟ್ ಅಂದ್ರೇನು?" ಅಂತ ಕೇಳಿದಳು.

ಚಾಪೆಯ ಮೇಲಿದ್ದ ಮಕ್ಕಳೆಲ್ಲ ತಲೆಯೆತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರಮ್ಮನ ಕಿವಿ ಬಿಸಿಯಾಯಿತು.

"ಇಲ್ಲಿ ಏನರ್ಥವೋ ನನಗೆ ಸರಿಯಾಗಿ ಗೊತ್ತಿಲ್ಲಮ್ಮ" ಅಂದರು. "ಡಿಕ್ಷನರಿ ನೋಡಿ ನಾಳೆ ಹೇಳ್ತೀನಿ."